ಶಮಶಾದಬಿಯ ಪಾಲಿನ ಮುಟಗಿ

೧೪ ಜುಲೈ ೨೦೨೪, ರವಿವಾರ

ಗೊಬ್ಬರದ ಅಂಗಡಿಯವನು ಜನವರಿಯಲ್ಲಿ ಕೊಟ್ಟ ಡೈರಿ ಇದು. ಅರ್ಧ ವರ್ಷ ಕಪಾಟಿನ ಮೇಲೆ ಬಿದ್ದು ಧೂಳು ತಿಂದಿದೆ. ಇವತ್ತು ಒರೆಸಿ ತೆಗೆದೆ, ಏಕೆಂದರೆ ನನಗೆ ಸಿಟ್ಟು ಬಂದಿದೆ ಮತ್ತು ನನ್ನ ಸಿಟ್ಟನ್ನು ಕೊನೆಯವರೆಗೆ ಕೇಳುವ ಪುರುಸೊತ್ತು ಈ ಮನೆಯಲ್ಲಿ ಯಾರಿಗೂ ಇಲ್ಲ. ಏಳನೆಯ ಇಯತ್ತೆ ಪಾಸಾದವಳು ನಾನು. ಎಪ್ಪತ್ತೊಂದಕ್ಕೆ ಬಂದರೂ ನನ್ನ ಅಕ್ಷರ ದುಂಡಗಿವೆ.

ಸಿಟ್ಟು ಬಳೆಗಾರ ಯಾಸೀನನ ಮೇಲೆ. ಯುಗಾದಿಗೆ ಅವನು ಇಡಿಸಿದ ಬಳೆಗಳು ಸಡಿಲ. ಮುಂಜಾನೆ ಹಿಟ್ಟು ನಾದುವಾಗ ಎರಡು ಬಳೆ ಕೈಯಿಂದ ಜಾರಿ ಪರಾತದೊಳಗೆ ಬಿದ್ದವು. ಗಾಜು ಒಡೆದಿದ್ದರೆ ಅಷ್ಟೂ ಹಿಟ್ಟು ಹಾಳು. ಅವನ ತಾಯಿ ಶಮಶಾದಬಿ ನನ್ನ ಪಕ್ಕದ ಹಂಚಿನ ಮುಂದೆಯೇ ಕೂತಿರುತ್ತಾಳೆ. ನಿನ್ನ ಮಗನಿಗೆ ಅಳತೆ ಮರೆತುಹೋಗಿದೆ ಎಂದು ಹೇಳಿದೆ. ಅವಳು ನನ್ನ ಮುಂಗೈಯನ್ನೇ ಬಹಳ ಹೊತ್ತು ನೋಡಿ ಸುಮ್ಮನಾದಳು. ಮಗ ತಪ್ಪು ಮಾಡಿದಾಗ ತಾಯಂದಿರು ಹೀಗೇ ಸುಮ್ಮನಾಗುತ್ತಾರೆ.

ಅವಳೂ ನಾನೂ ಇಂಡಿ ಊರಿನ ಈ ಓಣಿಯಲ್ಲಿ ಕಡಕ ರೊಟ್ಟಿ ಬಡಿದು ಮಾರಲು ಕೂತಾಗ ಇದ್ದದ್ದು ಒಂದೇ ಹಂಚು. ಈಗ ನಾಲ್ಕು ಹಂಚು, ಕೂಲಿಗೆ ಬರುವ ಇಬ್ಬರು ಹೆಂಗಸರು, ರೊಟ್ಟಿ ಒಯ್ಯಲು ನನ್ನ ಮಗನ ಮೂರು ಗಾಲಿಯ ಟಂಟಂ. ಸಿಂದಗಿಯ ಖಾನಾವಳಿಗೂ ನಮ್ಮ ರೊಟ್ಟಿ, ಬಸವನ ಬಾಗೇವಾಡಿಯ ಹಾಸ್ಟೆಲ್ಲಿಗೂ ನಮ್ಮ ರೊಟ್ಟಿ, ಮುದ್ದೇಬಿಹಾಳದ ಮದುವೆಮನೆಗಳಿಗೂ ನಮ್ಮ ರೊಟ್ಟಿ. ಇಷ್ಟೆಲ್ಲ ಬೆಳೆದರೂ ಒಂದು ಡಜನ್ ಬಳೆಯನ್ನು ಸರಿಯಾದ ಅಳತೆಯಲ್ಲಿ ಇಡಿಸಿಕೊಳ್ಳುವ ಯೋಗ ನನಗಿಲ್ಲ.

೨೨ ಜುಲೈ, ಸೋಮವಾರ

ಸೋಮವಾರ ನನ್ನ ಒಪ್ಪತ್ತು. ಈಚೆಗೆ ಗುರುವಾರವನ್ನೂ ಸೇರಿಸಿಕೊಂಡಿದ್ದೇನೆ. ದೇಹ ಹಗುರವಿದ್ದರೆ ಒಳ್ಳೆಯದು.

ಈ ಸಲದ ಜೋಳದಲ್ಲಿ ಜಿಗಿ ಇಲ್ಲ. ರೊಟ್ಟಿ ಅಂಗೈ ಕೆಳಗೆ ಅಗಲವಾಗುವ ಮೊದಲೇ ಅಂಚು ಹರಿಯುತ್ತದೆ. ಗಿರಣಿಯವನಿಗೆ ಚೆನ್ನಾಗಿ ಬೈದು ಬಂದೆ. ಶಮಶಾದಬಿ ಮಾತ್ರ ಅದೇ ಚೀಲದ ಹಿಟ್ಟಿನಲ್ಲಿ ದುಂಡನೆಯ ರೊಟ್ಟಿ ಬಡಿಯುತ್ತಿದ್ದಾಳೆ. ಚೀಲದ ತಳದ ಹಿಟ್ಟೆಲ್ಲ ನನ್ನ ಪಾಲಿಗೇ ಬರುತ್ತಿರಬೇಕು.

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದಿದ್ದಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಸೋಮನಿಂಗ. ಎಪ್ಪತ್ತಾರು ವರ್ಷ, ಬಾಯಿ ತುಂಬ ಹಲ್ಲು. ಕಡಕ ರೊಟ್ಟಿಯನ್ನು ಕಟಕಟ ಕಡಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇವತ್ತು ಅವರು ಲಿಂಬೆ ತೋಟದಿಂದ ಬಂದು, ನನ್ನ ರೊಟ್ಟಿಯ ಸದ್ದೇ ಕೇಳಲಿಲ್ಲ ಎಂದರು. ಮೊದಲೆಲ್ಲ ಓಣಿಯ ಬಾಯಿಗೆ ಬಂದರೆ ನಾಲ್ಕು ಹಂಚಿನ ಸದ್ದಿನಲ್ಲಿ ನನ್ನ ಕೈಯ ಸದ್ದು ಬೇರೆಯಾಗಿ ಗೊತ್ತಾಗುತ್ತಿತ್ತಂತೆ. ಪಾಪ, ಅವರ ಕಿವಿ ಮಂದವಾಗುತ್ತಿವೆ. ಕಿವಿಗೆ ಹಾಕುವ ಔಷಧಿ ತರಿಸಬೇಕು.

೯ ಆಗಸ್ಟ್, ನಾಗರ ಪಂಚಮಿ

ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು. ಓಣಿಗೆಲ್ಲ ಹಂಚಿದೆವು. ನಾನು ಒಂದನ್ನೂ ಬಾಯಿಗೆ ಹಾಕಲಿಲ್ಲ. ಉಂಡಿ ಕಟ್ಟುವಾಗಿನ ವಾಸನೆಗೇ ಹೊಟ್ಟೆ ತುಂಬಿಬಿಡುತ್ತದೆ.

ಹಬ್ಬಕ್ಕೆ ಜನ ಬರುತ್ತಾರೆಂದು ಹಲ್ಲಿನ ಸೆಟ್ಟು ಹಾಕಿಕೊಂಡಿದ್ದೆ. ನನ್ನ ಸ್ವಂತದ ಕೊನೆಯ ಹಲ್ಲು ಹೋಳಿಹುಣ್ಣಿಮೆಯ ಹೊತ್ತಿಗೆ ಹೋಯಿತು. ಮಗ ವಿಜಯಪುರಕ್ಕೆ ಕರೆದುಕೊಂಡು ಹೋಗಿ ಹೊಸ ಸೆಟ್ಟು ಮಾಡಿಸಿದ. ಬಹಳ ಚಂದ ಇವೆ, ಮುಖಕ್ಕೆ ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತದೆ. ಮದುವೆ ಮುಂಜಿಗೆ, ಹಬ್ಬಕ್ಕೆ ಹಾಕುತ್ತೇನೆ. ಉಣ್ಣುವಾಗ ತೆಗೆದು ಡಬ್ಬಿಯಲ್ಲಿ ಇಡುತ್ತೇನೆ. ಸೊಸೆ ಸುವರ್ಣಾ ಇದಕ್ಕೆ ತಕರಾರು ಮಾಡುತ್ತಾಳೆ, ಹಲ್ಲು ಇರುವುದೇ ಉಣ್ಣುವುದಕ್ಕೆ ಎಂದು. ರೇಷ್ಮೆ ಸೀರೆ ಉಟ್ಟು ಯಾರಾದರೂ ಒಲೆ ಸಾರಿಸುತ್ತಾರೆಯೇ ಎಂದು ಕೇಳಿದೆ.

ಎಲ್ಲರದೂ ಆದ ಮೇಲೆ ನಾನು ಉಣ್ಣುವುದು ಮೊದಲಿನಿಂದ ನಡೆದುಬಂದದ್ದು. ಕೆಲಸದ ಹೆಂಗಸರು, ಮಗ, ಗಂಡ, ಮೊಮ್ಮಕ್ಕಳು ಎಲ್ಲರೂ ಎದ್ದ ಮೇಲೆ ನಾನೂ ಶಾಂತವಾಗಿ ಕೂತು ಚಹಾದಲ್ಲಿ ಎರಡು ಟೋಸ್ಟ್ ಅದ್ದಿ ತಿನ್ನುತ್ತೇನೆ. ಸಾಕಾಗುತ್ತದೆ. ನೋಡುವವರು ಯಾರೂ ಇಲ್ಲದಿದ್ದರೆ ಎರಡು ಇದ್ದದ್ದು ಒಂದೂ ಆಗುತ್ತದೆ.

೨೮ ಆಗಸ್ಟ್, ಬುಧವಾರ

ಹೊಸ ಕೊಡ ತಂದಿದ್ದಾರೋ ಏನೋ, ಭಾರ ಹೆಚ್ಚು. ಎರಡು ಸಲ ಕೆಳಗಿಟ್ಟು ಒಯ್ದೆ. ದರ್ಜಿಯೂ ಕುಬುಸವನ್ನು ಚೀಲದ ಹಾಗೆ ಹೊಲಿದುಕೊಟ್ಟಿದ್ದಾನೆ. ಈ ಊರಿನಲ್ಲಿ ಯಾರಿಗೂ ಕೆಲಸದ ಮೇಲೆ ಗಮನವಿಲ್ಲ.

೧೩ ಸೆಪ್ಟೆಂಬರ್, ಶುಕ್ರವಾರ

ಮೊನ್ನೆ ಒಲೆಯ ಮುಂದೆ ಹೊಗೆ ಜಾಸ್ತಿಯಾಗಿತ್ತು. ನನಗೆ ಕಣ್ಣು ಕತ್ತಲೆ ಬಂದು ಮುಂದಕ್ಕೆ ವಾಲಿದೆ. ಬಲಗೈ ಹಂಚಿಗೆ ತಾಗಿತು. ಶಮಶಾದಬಿ ಎಳೆದುಕೊಳ್ಳದಿದ್ದರೆ ಮುಖವೇ ಸುಡುತ್ತಿತ್ತು. ಅಂಗೈ ತುಂಬ ಗುಳ್ಳೆ ಎದ್ದಿವೆ, ಪೆನ್ನನ್ನು ಬೆರಳ ತುದಿಯಲ್ಲಿ ಹಿಡಿದು ಬರೆಯುತ್ತಿದ್ದೇನೆ.

ಆರೋಗ್ಯ ಕೇಂದ್ರದ ನರ್ಸ್ ಮಾಲಾ ಇವತ್ತು ಮನೆಗೇ ಬಂದು ಪಟ್ಟಿ ಕಟ್ಟಿದಳು. ಸಣ್ಣ ವಯಸ್ಸು, ದೊಡ್ಡ ಚೀಲ. ಚೀಲದಲ್ಲಿ ತೂಕದ ಯಂತ್ರ. ಹತ್ತಿ ನಿಂತೆ. ಮೂವತ್ತಾರು ಎಂದಿತು. ಅರ್ಧ ಕ್ವಿಂಟಾಲಿನ ಜೋಳದ ಚೀಲ ಹೊತ್ತವಳು ನಾನು, ಚೀಲಕ್ಕಿಂತ ಕಡಿಮೆ ತೂಗುತ್ತೇನೆಯೇ? ಸರಕಾರದ ಸಾಮಾನು, ಕೆಟ್ಟಿರುತ್ತದೆ.

ಅವಳು ಪಟ್ಟಿ ಕಟ್ಟುತ್ತಲೇ ಕೇಳಿದಳು, "ಅವ್ವಾರ, ಹೊಟ್ಟಿ ತುಂಬ ಉಂಡು ಎಷ್ಟು ದಿನ ಆತ್ರಿ?"

ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ನಾಲ್ಕು ತಾಲೂಕಿಗೆ ರೊಟ್ಟಿ ಕಳಿಸುವ ಮನೆಯಲ್ಲಿ ಕೂತು ಕೇಳುವ ಮಾತೇ ಇದು? ಹಾಗೆಯೇ ಅಂದೆ. ಅವಳು ಬೇಜಾರು ಮಾಡಿಕೊಳ್ಳದೆ ನಕ್ಕಳು. ಮಗ ಮಾತ್ರ ನಗಲಿಲ್ಲ. ತೂಕ ಬರುವವರೆಗೆ ಅವ್ವ ಒಲೆಯ ಮುಂದೆ ಕೂರಬಾರದು ಎಂದುಬಿಟ್ಟ. ನಾನು ಹೂಡಿದ ಒಲೆ! ಎಳ್ಳ ಅಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಮೊದಲ ಹಂಚು ನನ್ನದು, ಒಂದೇ ಹಂಚು ಇದ್ದಾಗಿನಿಂದಲೂ ಒಂದು ವರ್ಷವೂ ತಪ್ಪಿಲ್ಲ ಎಂದೆ. ಅದಕ್ಕೆ ಮಾಲಾ, "ಹಂಚಿನ ಮುಂದ ಕುಂಡ್ರಬೇಕಂದ್ರ ಮೊದಲ ಗಂಗಾಳದ ಮುಂದ ಕುಂಡ್ರಬೇಕ್ರಿ" ಎಂದಳು.

ನೋಡೋಣ. ಡಿಸೆಂಬರ್ ಮೂವತ್ತಕ್ಕೆ ಅಮಾವಾಸ್ಯೆ. ನಾನು ಆ ದಿನ ಅಲ್ಲಿ ಕೂರದಿದ್ದರೆ ನನ್ನ ಹೆಸರು ರೇಣವ್ವ ಅಲ್ಲ.

೧೬ ಸೆಪ್ಟೆಂಬರ್, ಸೋಮವಾರ

ಒಪ್ಪತ್ತು. ಸಿಟ್ಟಿಗೆ ಆ ಒಂದು ಹೊತ್ತಿನದೂ ಬೇಡವೆನಿಸಿತು. ಎಲ್ಲರೂ ಉಣ್ಣು ಉಣ್ಣು ಎಂದು ತಲೆ ತಿನ್ನುತ್ತಿದ್ದಾರೆ.

೨೬ ಸೆಪ್ಟೆಂಬರ್, ಗುರುವಾರ

ಪೆನ್ನು ಸರಿಯಿಲ್ಲ. ಅಕ್ಷರ ನಡುಗುತ್ತವೆ.

ಮಳೆಗೆ ಬಾಗಿಲು ಉಬ್ಬಿದೆ, ನನ್ನಿಂದ ತೆಗೆಯಲಾಗಲಿಲ್ಲ. ಒಳಗೇ ಕೂತು ರೊಟ್ಟಿ ಬಡಿಯುವ ಸದ್ದು ಕೇಳಿದೆ. ನಾನಿಲ್ಲದೆಯೂ ಆಗುತ್ತಿವೆ.

ಅತ್ತುಬಿಟ್ಟೆ.

೪ ಅಕ್ಟೋಬರ್, ಶುಕ್ರವಾರ

ಕೆಟ್ಟ ಸುದ್ದಿ. ಶಮಶಾದಬಿಗೆ ಹುಷಾರಿಲ್ಲ.

ನನಗೆ ಯಾರೂ ಹೇಳುವವರಿರಲಿಲ್ಲ, ನಾನಾಗಿಯೇ ಕಂಡುಹಿಡಿದೆ. ಮಧ್ಯಾಹ್ನ ಹಿಟ್ಟಿನ ಕೋಣೆಯಲ್ಲಿ ಮೂವರು ಪಿಸುಗುಡುತ್ತಿದ್ದರು. ನರ್ಸ್ ಮಾಲಾ, ನನ್ನ ಸೊಸೆ, ಶಮಶಾದಬಿ. ನಾನು ಗೋಡೆ ಹಿಡಿದುಕೊಂಡು ಹೋದದ್ದು ಅವರಿಗೆ ಕಾಣಲಿಲ್ಲ. ಮಾಲಾ ಹೇಳುತ್ತಿದ್ದಳು, "ಊಟಾನ ಬಿಟ್ಟಾರ. ಹಿಂಗ ನಡದ್ರ ಈ ಚಳಿಗಾಲ ದಾಟೂದು ಕಷ್ಟ ಐತಿ."

ಯಾರ ಮಾತು ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಸುವರ್ಣಾ ಗೋಡೆ ನೋಡಿದಳು, ಮಾಲಾ ಸುವರ್ಣಾಳನ್ನು ನೋಡಿದಳು. ಶಮಶಾದಬಿಯ ಕಣ್ಣು ಕೆಂಪಾಗಿದ್ದವು. ಸೆರಗಿನಿಂದ ಒರೆಸಿಕೊಂಡು ಹೇಳಿದಳು, "ನಂದ ಮಾತ ನಡದಿತ್ತು, ರೇಣಿ. ನನಗ ಊಟ ಸೇರವಲ್ದು."

ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತೆ. ನಲವತ್ತು ವರ್ಷದಿಂದ ಪಕ್ಕದಲ್ಲಿ ಕೂತವಳು. ಅವಳ ಗಂಡ ಹೋದಾಗ ನಾನು, ನನ್ನ ಅವ್ವ ಹೋದಾಗ ಅವಳು. ಅವಳಿಗೆ ಏನಾದರೂ ಆದರೆ ನಾನು ಯಾರ ಜೊತೆ ಜಗಳಾಡಲಿ? ಮೈಕೈ ನೋಡಿದರೆ ಗೊತ್ತಾಗುವುದಿಲ್ಲ, ದಪ್ಪಗೇ ಇದ್ದಾಳೆ. ಒಳಗಿನಿಂದ ಸೊರಗಿದ್ದಾಳೆ, ಪಾಪ.

ಮಾಲಾ ಆಗ ಕೆಮ್ಮಿ ಗಂಟಲು ಸರಿಮಾಡಿಕೊಂಡು ಉಪಾಯ ಹೇಳಿದಳು. ಈ ಕಾಯಿಲೆಗೆ ಗುಳಿಗೆ ಇಲ್ಲವಂತೆ. ಯಾರಾದರೂ ಪಕ್ಕದಲ್ಲಿ ಕೂತು, ಅವಳಿಗೊಂದು ತುತ್ತಾದರೆ ತಾವೂ ಒಂದು ತುತ್ತು ತಿಂದರೆ ಮಾತ್ರ ಅವಳಿಗೆ ಅನ್ನ ಇಳಿಯುತ್ತದಂತೆ. ಮೆತ್ತಗಿನ ಊಟವೇ ಆಗಬೇಕು, ತುಪ್ಪ, ಶೇಂಗಾ, ಬೇಳೆ, ಹಾಲು ಇರಬೇಕು. ಯಾರು ಕೂರುತ್ತೀರಿ ಎಂದು ಕೇಳಿದಳು. ಇದನ್ನು ಕೇಳಬೇಕೇ? ನಾನಿದ್ದೇನೆ ಎಂದೆ.

೫ ಅಕ್ಟೋಬರ್, ಶನಿವಾರ

ಇಡೀ ದಿನ ಯೋಚಿಸಿ ಮುಟಗಿ ಎಂದು ತೀರ್ಮಾನಿಸಿದೆ. ದಪ್ಪನೆಯ ಬಿಸಿ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಮುರಿದು ಒರಳಿಗೆ ಹಾಕಬೇಕು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಮೇಲೆ ತುಪ್ಪ ಸುರಿದು, ಬಿಸಿ ಆರುವ ಮೊದಲೇ ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಬೇಕು. ನನಗೆ ಹಲ್ಲು ಬರುವಾಗ ನಮ್ಮವ್ವ ಇದನ್ನೇ ತಿನ್ನಿಸಿದ್ದಳಂತೆ. ಹಲ್ಲು ಹೋದ ಮೇಲೆ ನನಗೆ ಇದರ ನೆನಪೇ ಆಗಿರಲಿಲ್ಲ. ಮುಟಗಿ ಮಕ್ಕಳ ಊಟ ಅಲ್ಲವೇ, ರೊಟ್ಟಿ ಬಡಿಯುವವಳು ಕೂತು ತಿನ್ನುವಂಥದ್ದೇ?

ಒಲೆಯ ಹತ್ತಿರ ನನ್ನನ್ನು ಬಿಡುವುದಿಲ್ಲವಾದ್ದರಿಂದ ಸುವರ್ಣಾ ರೊಟ್ಟಿ ಬೇಯಿಸಿದಳು, ನಾನು ಎಡಗೈಯಲ್ಲೇ ಕುಟ್ಟಿದೆ. ಮೂರು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಒರಳಿನ ಕಲ್ಲು ಕೂಡ ಮೊದಲಿಗಿಂತ ಭಾರವಾಗಿದೆ.

ಶಮಶಾದಬಿ ಗಂಗಾಳದ ಮುಂದೆ ಕೈಕಟ್ಟಿ ಕೂತಳು. "ನೀ ಒಂದ ತುತ್ತ ತಿಂದ್ರ ನಾ ಒಂದ ತಿಂತೇನಿ. ಇಲ್ಲಂದ್ರ ಎದ್ದು ಹೋಗ್ತೇನಿ" ಎಂದಳು. ಸಣ್ಣ ಮಕ್ಕಳ ಹಟ. ಎಲ್ಲರಿಗಿಂತ ಕೊನೆಗೆ ಉಣ್ಣುವ ನಾನು ಎಲ್ಲರಿಗಿಂತ ಮೊದಲು ಕೂತು ತಿಂದೆ, ಅದೂ ಸೊಸೆಯ ಕಣ್ಣೆದುರು. ಅವಳಿಗೆ ನಾಲ್ಕು ತುತ್ತು ಇಳಿಯಬೇಕೆಂದು ನಾನೂ ನಾಲ್ಕು ತುತ್ತು ತಿಂದೆ. ಬಾಯಿಗೆ ಬೆಳ್ಳುಳ್ಳಿ ತಾಗಿದಾಗ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಗಿತ್ತು.

೧೪ ಅಕ್ಟೋಬರ್, ಸೋಮವಾರ

ಇವತ್ತು ಧರ್ಮಸಂಕಟ. ನನ್ನ ಒಪ್ಪತ್ತು ಎಂದು ಶಮಶಾದಬಿಗೆ ನೆನಪಿಸಿದೆ, ನೀನೊಬ್ಬಳೇ ತಿನ್ನು ಎಂದೆ. ಅವಳು ಹಾಗಾದರೆ ತನ್ನದೂ ಒಪ್ಪತ್ತು ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಟ್ಟಳು. ಹುಷಾರಿಲ್ಲದ ಮುದುಕಿ ನನ್ನ ವ್ರತಕ್ಕಾಗಿ ಉಪವಾಸ ಕೂತರೆ ಆ ಪಾಪ ಯಾರಿಗೆ? ದೇವರ ಜಗಲಿಯ ಮುಂದೆ ನಿಂತು ಕೈಮುಗಿದು, ಇದು ನನ್ನ ಹೊಟ್ಟೆಗಾಗಿ ಅಲ್ಲ, ನಿನಗೂ ಗೊತ್ತಿದೆ ಎಂದು ಹೇಳಿದೆ. ಆಮೇಲೆ ಮುಟಗಿ ತಿಂದೆ. ಒಂದು ಬಟ್ಟಲು ಹೆಸರುಬೇಳೆಯ ಸಾರನ್ನೂ ಕುಡಿದೆ, ಏಕೆಂದರೆ ಅವಳೂ ಕುಡಿಯಬೇಕಾಗಿತ್ತು. ಗುರುವಾರವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಅವಳು ಗುಣವಾದ ಮೇಲೆ ಹಿಡಿದರಾಯಿತು.

ಸುವರ್ಣಾ ಈಚೆಗೆ ಸುಮ್ಮಸುಮ್ಮನೆ ನಗುತ್ತಾಳೆ. ಮನೆಯಲ್ಲಿ ಇಷ್ಟು ದೊಡ್ಡ ಚಿಂತೆ ಇರುವಾಗ ಈ ಹುಡುಗಿಗೆ ನಗೆ ಹೇಗೆ ಬರುತ್ತದೆಯೋ.

೨ ನವೆಂಬರ್, ದೀಪಾವಳಿ ಪಾಡ್ಯ

ಎರಡು ಸಂಗತಿ.

ಮೊದಲನೆಯದು, ಹಬ್ಬಕ್ಕೆಂದು ಹಲ್ಲಿನ ಸೆಟ್ಟು ಹಾಕಿಕೊಂಡಿದ್ದೆ. ಶಮಶಾದಬಿ ಶೇಂಗಾದ ಹೋಳಿಗೆ ಮುಂದೆ ಇಟ್ಟುಕೊಂಡು ನನ್ನ ದಾರಿ ಕಾಯುತ್ತ ಕೂತಿದ್ದಳು. ಅವಸರದಲ್ಲಿ ಸೆಟ್ಟು ತೆಗೆಯುವುದನ್ನೇ ಮರೆತು ಕೂತೆ. ಎರಡು ಹೋಳಿಗೆ ಪೂರ್ತಿ ತಿಂದು, ಮೇಲೆ ಒಂದು ಚಕ್ಕುಲಿ ಮುರಿದು ಬಾಯಾಡಿಸುತ್ತಿದ್ದಾಗ ಕಟ್ ಎಂಬ ಸದ್ದು ನನ್ನ ಬಾಯಿಂದಲೇ ಬಂತು. ಗಂಡ ತಲೆಯೆತ್ತಿ ನೋಡಿದರು. ನಾನೂ ಹೆದರಿ ಹಲ್ಲು ತೆಗೆದು ನೋಡಿದೆ. ಒಂದೂ ಮುರಿದಿರಲಿಲ್ಲ. ವಿಜಯಪುರದವರು ಗಟ್ಟಿ ಮಾಲು ಕೊಟ್ಟಿದ್ದಾರೆ. ಇನ್ನು ಮೇಲೆ ಅವಳ ಜೊತೆ ಕೂತಾಗ ಹಾಕಿಕೊಂಡೇ ಇರುತ್ತೇನೆ, ಅವಳಿಗೆ ಧೈರ್ಯ ಬರುತ್ತದೆ.

ಎರಡನೆಯದು ಮನಸ್ಸಿಗೆ ಹಿಡಿಸಲಿಲ್ಲ. ಶಮಶಾದಬಿ ಜೋಳದ ಚೀಲವನ್ನು ಒಬ್ಬಳೇ ಬೆನ್ನಿಗೇರಿಸಿಕೊಂಡು ಹೋಗುವುದನ್ನು ಕಂಡೆ. ಕಾಯಿಲೆಯವಳು ಹೀಗೆ ಮಾಡಬಹುದೇ ಎಂದು ಗದರಿದೆ. ಅವಳು ಗಾಬರಿಯಾಗಿ ಚೀಲ ಕೆಳಗೆ ಹಾಕಿ ಸೊಂಟ ಹಿಡಿದುಕೊಂಡು ಅಯ್ಯೋ ಎಂದಳು. ನಾನು ಹೇಳಿದ ಮೇಲೆ ನೋವು ನೆನಪಾಗುತ್ತದೆ ಇವಳಿಗೆ. ಯಾರಾದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು ತಂದುಕೊಂಡಾಳು.

೧೭ ನವೆಂಬರ್, ರವಿವಾರ

ಅಗರಖೇಡದ ಕಡೆಯ ಅಮೋಘಸಿದ್ಧ ಎಂಬ ಮುದುಕ ನಮ್ಮಲ್ಲಿಗೆ ಸಂಜೆ ಬರುವುದುಂಟು. ಕುರಿ ಕಾಯ್ದು ಬದುಕಿದವನು. ಈಗ ಮಗಳ ಮನೆಯಲ್ಲಿ, ನಮ್ಮ ಓಣಿಯ ಕೊನೆಗೆ ಇದ್ದಾನೆ. ಮುರಿದ ರೊಟ್ಟಿಯ ಚೂರುಗಳನ್ನು ಕೇಳಿ ಒಯ್ಯುತ್ತಾನೆ. ಕೋಳಿಗೆ ಇರಬೇಕು ಎಂದುಕೊಂಡಿದ್ದೆ. ಇವತ್ತು ಕೇಳಿದರೆ, ಅವನೇ ಚಹಾದಲ್ಲಿ ನೆನೆಸಿ ತಿನ್ನುವುದಂತೆ. ಮಗಳು ಹೊತ್ತು ಹೊತ್ತಿಗೆ ರೊಟ್ಟಿ ಪಲ್ಯ ಬಡಿಸುತ್ತಾಳೆ, ಅವನು ಕದ್ದು ಕರುವಿಗೆ ಹಾಕುತ್ತಾನೆ. ಹಲ್ಲಿಲ್ಲ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಉಂಡಿದ್ದೇನೆ, ಸಾಕಾಗುತ್ತದೆ ಎನ್ನುತ್ತಾನೆ.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಅಲ್ಲೇ ಕೂರಿಸಿ ಚೆನ್ನಾಗಿ ಬೈದೆ. ಬರೀ ಚಹಾ ಟೋಸ್ಟಿನ ಮೇಲೆ ಮನುಷ್ಯ ಬದುಕುತ್ತಾನೆಯೇ? ಮುದುಕರಿಗೆ ಬುದ್ಧಿ ಬೇಡವೇ? ಮುಂಗೈ ನೋಡು, ಬರೀ ಎಲುಬು! ಹೀಗೆಲ್ಲ ಅನ್ನುತ್ತಿದ್ದಾಗ ಹಿಂದಿನಿಂದ ಶಮಶಾದಬಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿಹೋದಳು. ಅವನ ಸ್ಥಿತಿ ನೋಡಿ ಅವಳಿಗೆ ತನ್ನದೇ ನೆನಪಾಗಿರಬೇಕು.

ನಮ್ಮಿಬ್ಬರ ಗಂಗಾಳದ ಪಕ್ಕದಲ್ಲಿ ಅವನಿಗೂ ಒಂದು ಮುಟಗಿ ಇಟ್ಟೆ. ಮೊದಲು ವಾಸನೆ ನೋಡಿದ, ಆಮೇಲೆ ಕಣ್ಣು ಮುಚ್ಚಿ ತಿಂದ. ಕೊನೆಗೆ ಒಂದೇ ಮಾತು ಹೇಳಿದ, "ಇನ್ನೊಂದ ಕೊಡಬೇ."

ಅವನು ತಿಂದದ್ದನ್ನು ನೋಡಿ ನನಗೂ ಇನ್ನೊಂದು ಬೇಕೆನಿಸಿತು. ತಿಂದೆ. ಶಮಶಾದಬಿ ಕೇಳಿರಲಿಲ್ಲ, ಆದರೂ ತಿಂದೆ.

೨ ಡಿಸೆಂಬರ್, ಸೋಮವಾರ

ಅಮೋಘಸಿದ್ಧ ಊರಿಗೆಲ್ಲ ಸಾರಿದ್ದಾನೆ. ಈಗ ಸಂಜೆಯಾದರೆ ನಮ್ಮ ಕಟ್ಟೆ ತುಂಬ ಹಲ್ಲಿಲ್ಲದವರೇ. ಒರಳು ಕುಟ್ಟುವ ಸದ್ದು ಶುರುವಾದರೆ ಒಬ್ಬೊಬ್ಬರೇ ಕೋಲು ಊರುತ್ತ ಬರುತ್ತಾರೆ. ಮನೆಯಿಂದ ಒಬ್ಬರು ಶೇಂಗಾ ತರುತ್ತಾರೆ, ಒಬ್ಬರು ಮೊಸರು, ಒಬ್ಬರು ಬರೀ ಜಗಳ. ಲಿಂಬೆ ನಮ್ಮ ತೋಟದ್ದು. ಎಲ್ಲರನ್ನೂ ಉಣ್ಣಿಸಿ ಏಳುವ ಹೊತ್ತಿಗೆ ನನಗೆ ಹಸಿವೆಯಾಗಿರುತ್ತದೆ, ಆದ್ದರಿಂದ ಮನೆಯವರ ಜೊತೆ ಮತ್ತೆ ಕೂರುತ್ತೇನೆ.

ಮಾಲಾ ಬಂದಿದ್ದಳು. ಈ ಸಲ ಅವಳ ಯಂತ್ರ ನನಗೆ ನಲವತ್ತೆರಡು ತೋರಿಸಿತು. ರಿಪೇರಿ ಮಾಡಿಸಿದ್ದಾಳೆ, ಒಳ್ಳೆಯದಾಯಿತು. ಶಮಶಾದಬಿಯನ್ನೂ ನಿಲ್ಲಿಸಿದೆ. ಅವಳ ತೂಕ ನೋಡಿ ಮಾಲಾ ತುಟಿ ಕಚ್ಚಿಕೊಂಡಳು. ಶಮಶಾದಬಿ ನನ್ನ ಕಡೆ ನೋಡದೆ ನರ್ಸಿಗೆ ಹೇಳಿದಳು, "ಇನ್ನ ನನ್ನ ಕೈಲಿ ಆಗೂದಿಲ್ರಿ. ಮನ್ಯಾಗ ಒಮ್ಮಿ, ಇಲ್ಲಿ ಒಮ್ಮಿ ಉಂಡು ನನ್ನ ಕುಬುಸ ಹರದು ಹೋಗಾಕತ್ತಾವು." ಕೃತಜ್ಞತೆ ಎಂಬುದು ಇಲ್ಲ. ಇದೆಲ್ಲ ನನ್ನ ಕೈಗುಣ ಎಂದು ಮಾಲಾಳಿಗೆ ನಾನೇ ಹೇಳಬೇಕಾಯಿತು. ಹೌದ್ರಿ ಅವ್ವಾರ, ನಿಮ್ಮದೇ ಕೈಗುಣ ಎಂದು ಒಪ್ಪಿಕೊಂಡಳು. ಜಾಣೆ.

ಆಮೇಲೆ ಮಗನನ್ನು ಕರೆದು, ದಿನಕ್ಕೆ ಒಂದು ಬುಟ್ಟಿ ರೊಟ್ಟಿಯಷ್ಟು ಹೊತ್ತು ಅವ್ವ ಹಂಚಿನ ಮುಂದೆ ಕೂರಲಿ ಎಂದಳು. ನಾನು ಅವಳ ಮಾತು ಮುಗಿಯುವ ತನಕವೂ ಕಾಯಲಿಲ್ಲ.

ಮೊದಲ ರೊಟ್ಟಿ ಹರಿಯಿತು. ಎರಡನೆಯದರ ಅಂಚು ಸೀಳಿತು. ಅಂಗೈಯ ಸುಟ್ಟ ಚರ್ಮ ಇನ್ನೂ ಹೊಸದು, ಎಸರಿನ ಬಿಸಿಗೆ ಚುರುಗುಟ್ಟಿತು. ಬಿಡಲಿಲ್ಲ. ನಾಲ್ಕನೆಯದು ಪರಾತದ ಮೇಲೆ ತಾನೇ ತಿರುಗುತ್ತ ಅಗಲವಾಯಿತು. ಹಂಚಿನ ಮೇಲೆ ಹಾಕಿ ನೀರು ಸವರಿದೆ, ಉಬ್ಬಿತು. ಹಿಟ್ಟಿನಲ್ಲಿ ಜಿಗಿ ಬಂದಿದೆ! ಗಿರಣಿಯವನಿಗೆ ಬೈದದ್ದು ಈಗ ತಾಗಿದೆ.

೩೦ ಡಿಸೆಂಬರ್, ಸೋಮವಾರ, ಎಳ್ಳ ಅಮಾವಾಸ್ಯೆ

ಕೂತೆ. ಮೊದಲ ಹಂಚಿನ ಮುಂದೆ ನಾನೇ ಕೂತೆ!

ನಸುಕಿಗೇ ಎದ್ದು, ತಲೆಗೆ ನೀರು ಹಾಕಿಕೊಂಡು, ಒಲೆಗೆ ಅರಿಶಿನ ಕುಂಕುಮ ಹಚ್ಚಿ ಕೂತೆ. ಸಜ್ಜೆ ರೊಟ್ಟಿ ಬಡಿಯುವುದು ಜೋಳದ ರೊಟ್ಟಿಯಷ್ಟು ಸುಲಭವಲ್ಲ. ಸಜ್ಜೆ ಒಪ್ಪಿಕೊಂಡ ಕೈಗೆ ಮಾತ್ರ ಒಗ್ಗುತ್ತದೆ. ಎಳ್ಳು ಉದುರಿಸಿ ಬಡಿಯುತ್ತ ಹೋದೆ. ಒಂದೂ ಹರಿಯಲಿಲ್ಲ. ಶಮಶಾದಬಿ ಪಕ್ಕದ ಹಂಚಿನಲ್ಲಿ ನನ್ನ ಜೊತೆ ಪೈಪೋಟಿಗೆ ಬಿದ್ದಳು. ಬಡಿ ಬಡಿ ಎಂದು ನಾನು, ನೀನೇ ಬಡಿ ಎಂದು ಅವಳು. ಬುಟ್ಟಿ ತುಂಬುವುದರಲ್ಲಿ ನಾನೇ ಮುಂದೆ. ಅವಳು ಬೇಕೆಂದೇ ನಿಧಾನ ಮಾಡಲಿಲ್ಲ, ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ಎತ್ತಿಗೆ ಮೇವು ಹಾಕಿ ಬಂದ ನಮ್ಮವರು ಬಾಗಿಲಲ್ಲೇ ನಿಂತರು. ಆಮೇಲೆ, "ಓಣಿ ಬಾಯಿಗಿ ಬರೂದರಾಗ ಕೇಳಸ್ತು. ನಿಂದ ಕೈ ಅದು" ಎಂದರು. ಕಿವಿಗೆ ತರಿಸಿದ ಔಷಧಿ ಕೆಲಸ ಮಾಡಿದೆ. ಅಷ್ಟಾದರೂ ದೇವರು ಕಣ್ಣುಬಿಟ್ಟ.

ಮಧ್ಯಾಹ್ನ ಎಲ್ಲರೂ ಟಂಟಂ ಏರಿ ಹೊಲಕ್ಕೆ ಹೋದೆವು. ಬೆಳೆದು ನಿಂತ ಜೋಳಕ್ಕೆ ನೈವೇದ್ಯದ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಕೂತೆವು. ಮಾಲಾಳೂ ಬಂದಿದ್ದಳು. ಅಮೋಘಸಿದ್ಧ ತಲೆಗೆ ಹೊಸ ಪಟಗಾ ಸುತ್ತಿಕೊಂಡು ಬಂದಿದ್ದ. ಸಜ್ಜೆ ಕಡಬು, ಪುಂಡಿಪಲ್ಯ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು. ಸೋಮವಾರ ಎಂದು ನೆನಪಾಯಿತು. ಭೂಮಿತಾಯಿಯೇ ಉಣ್ಣುವ ದಿನ ನಾನು ಉಪವಾಸ ಕೂತರೆ ಅವಳಿಗೆ ಅವಮಾನ. ಹಲ್ಲಿನ ಸೆಟ್ಟು ಬಾಯಲ್ಲೇ ಇತ್ತು. ನಾನು ಬಡಿದ ಸಜ್ಜೆ ರೊಟ್ಟಿ, ನನ್ನದೇ ಗಂಗಾಳದಲ್ಲಿ. ಕಡಕಾದ ಅಂಚನ್ನು ಹುಡುಕಿ ಮುರಿದು ಕಡಿದೆ. ಸದ್ದಿಗೆ ಗಂಡ ನನ್ನ ಕಡೆ ತಿರುಗಿ, ತಾವೂ ಒಂದು ತುಂಡು ಕಡಿದು ಸದ್ದು ಮಾಡಿದರು. ಇಬ್ಬರೂ ಕಟಕಟ ಎನ್ನುತ್ತ ಉಂಡೆವು. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಎಷ್ಟು ಸುಖವಾಯಿತು ಎಂದು ಬರೆಯಲು ಈ ಪುಟ ಸಾಲದು.

೧೩ ಜನವರಿ ೨೦೨೫, ಸೋಮವಾರ, ಭೋಗಿ

ಡೈರಿಯ ವರ್ಷ ಮುಗಿದಿದೆ. ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಮತ್ತೆ ಸಿಟ್ಟು ಬಂದಿದೆ, ಮತ್ತೆ ಯಾಸೀನನ ಮೇಲೆಯೇ.

ಸಂಕ್ರಮಣಕ್ಕೆ ಹಸಿರು ಬಳೆ ಇಡಿಸಲು ಬಂದಿದ್ದ. ಯುಗಾದಿಗೆ ತಂದ ಅಳತೆಯದೇ ತಂದಿದ್ದೇನೆ, ಅವ್ವಾರ ಎಂದ. ಬಲಗೈ ಚಾಚಿದೆ. ಬಳೆ ಬೆರಳು ದಾಟಿ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು. ಸಾಬೂನು ಹಚ್ಚಿದ, ಅಂಗೈ ಮಡಚಿ ಒತ್ತಿದ. ಊಹುಂ. ಆಗ ಸಡಿಲ ಕೊಟ್ಟೆ, ಈಗ ಬಿಗಿ ತಂದಿದ್ದೀ, ನಿನ್ನ ಅಂಗಡಿಯಲ್ಲಿ ನಡುವಿನ ಅಳತೆ ಎಂಬುದೇ ಇಲ್ಲವೇ ಎಂದು ಬೈದೆ. ಅವನು ತಾಯಿಯ ಕಡೆ ನೋಡಿದ.

ಶಮಶಾದಬಿ ಸರಿದು ಬಂದು ನನ್ನ ಪಕ್ಕದಲ್ಲಿ ಕೂತಳು.

"ರೇಣಿ, ಇನ್ನ ಹೇಳಿಬಿಡ್ತೇನಿ. ನನಗ ಏನೂ ಆಗಿರಲಿಲ್ಲ. ಆಗಿದ್ದು ನಿನಗ."

ನಾನು ನಕ್ಕೆ. ಚಳಿಗಾಲ ದಾಟುವುದು ಕಷ್ಟ ಎಂದು ಮಾಲಾ ಹೇಳಿದ್ದನ್ನು ಕಿವಿಯಾರೆ ಕೇಳಿದವಳು ನಾನು. ಎಡಗೈಯಲ್ಲಿ ಮುಟಗಿ ಕುಟ್ಟಿ, ವ್ರತ ಬಿಟ್ಟು, ತುತ್ತಿಗೆ ತುತ್ತು ತಿಂದು ಇವಳನ್ನು ಉಳಿಸಿಕೊಂಡವಳು ನಾನು. ಗುಣವಾದ ಮೇಲೆ ಕಾಯಿಲೆ ಮರೆತುಹೋಗುವುದು ಸಹಜ ಎಂದು ಹೇಳಿ ಸಮಾಧಾನ ಮಾಡಿದೆ. ಹೊರಗಡೆ ಸುವರ್ಣಾ ನಾಳೆಯ ಮುಟಗಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಶಮಶಾದಬಿ ಅಂದದ್ದನ್ನು ನಾನೂ ಒಂದು ಗಳಿಗೆ ಯೋಚಿಸಿದೆ. ಆಮೇಲೆ ಬಿಟ್ಟುಬಿಟ್ಟೆ. ಇಬ್ಬರೂ ಉಂಡೆವು, ಇಬ್ಬರೂ ಒಲೆಯ ಮುಂದೆ ಇದ್ದೇವೆ, ಲೆಕ್ಕ ಯಾರಿಗೆ ಬೇಕು?

ಆದರೆ ಅವಳು ಸುಮ್ಮನಾಗಲಿಲ್ಲ. ಬಳೆ ಸಿಕ್ಕಿಕೊಂಡಿದ್ದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಗೆಣ್ಣಿನ ಮೇಲೆ ಬೆರಳು ಆಡಿಸುತ್ತ, ನಗುತ್ತ ನಗುತ್ತ ಅತ್ತುಬಿಟ್ಟಳು. ಬಳೆ ಏರಲಿಲ್ಲ ಎಂದು ಯಾರಾದರೂ ಅಳುತ್ತಾರೆಯೇ? ಒಂದು ಅಳತೆ ದೊಡ್ಡದು ತಾ ಎಂದು ಯಾಸೀನನನ್ನು ಅಂಗಡಿಗೆ ಕಳಿಸಿದ್ದೇನೆ.